ಹಳೇ ಸರ್ಟಿಫಿಕೇಶನ್‌ಗೆ ಹೊಸ ವರ್ಷನ್: ದುಡ್ಡು ಕಟ್ಟುವ ಮೊದಲು ನೋಡಬೇಕಾದ್ದು

ಅಪ್ರೈಸಲ್ ಹತ್ತಿರ ಬಂತು ಅಂದ್ರೆ ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯ ಆಫೀಸುಗಳಲ್ಲಿ ಒಂದು ಎಕ್ಸೆಲ್ ಶೀಟ್ ಓಡಾಡಲು ಶುರುವಾಗುತ್ತದೆ. ಹೆಸರು, ಸರ್ಟಿಫಿಕೇಶನ್, ಐಡಿ, ಎಕ್ಸ್‌ಪೈರಿ ಡೇಟ್. ಮೊದಲ ಮೂರು ಕಾಲಂ ಎಲ್ಲರೂ ಸಲೀಸಾಗಿ ತುಂಬುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ಕೈ ನಿಲ್ಲುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು, ಮೊದಲ ಕೆಲಸಕ್ಕಾಗಿ ಒಂದು ಎಂಸಿಎಸ್‌ಎ (ಮೈಕ್ರೋಸಾಫ್ಟ್‌ನದು), ಸಿಸಿಎನ್‌ಎ (ಸಿಸ್ಕೋದ ನೆಟ್‌ವರ್ಕಿಂಗ್‌ನದು) ಅಥವಾ ಜಾವಾ ಸರ್ಟಿಫಿಕೇಶನ್ ಕ್ಲಿಯರ್ ಮಾಡಿ, ಆಮೇಲೆ ಅದರ ಕಡೆ ತಿರುಗಿಯೂ ನೋಡದವರು ನಮ್ಮಲ್ಲಿ ಬಹಳ ಇದ್ದಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಪ್‌ಗ್ರೇಡ್ ಅಂದ ಕೂಡಲೇ ಜನ ಕೋರ್ಸ್ ಹುಡುಕುತ್ತಾರೆ. ಆ ಕೆಲಸ ಕೊನೆಗಿರಲಿ. ನಿಮ್ಮ ಹಳೇ ಸರ್ಟಿಫಿಕೇಶನ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ಮೊದಲು ಗೊತ್ತಾಗಬೇಕು. ಅದು ಇನ್ನೂ ಚಾಲ್ತಿಯಲ್ಲಿರಬಹುದು. ಅವಧಿ ಮುಗಿದಿರಬಹುದು. ಆ ಪರೀಕ್ಷೆಯನ್ನೇ ಕಂಪನಿ ನಿಲ್ಲಿಸಿರಬಹುದು. ಅಥವಾ ಅವಧಿಯೇ ಇಲ್ಲದ, ಆದರೆ ವರ್ಷನ್ ಹಳತಾದ ಸರ್ಟಿಫಿಕೇಶನ್ ಆಗಿರಬಹುದು. ನಾಲ್ಕಕ್ಕೂ ದಾರಿ ಬೇರೆ, ಖರ್ಚು ಬೇರೆ. ಒಂದಕ್ಕಂತೂ ಖರ್ಚೇ ಇಲ್ಲ.

ಮೊದಲ ಹೆಜ್ಜೆ: ಹಳೇ ಅಕೌಂಟ್ ಒಳಗೆ ಹೋಗಿ

ಕೇಳಲು ಸುಲಭ. ಆದರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪರೀಕ್ಷೆ ಬರೆದಾಗ ಕೊಟ್ಟ ಇಮೇಲ್ ಆಗಿನ ಕಂಪನಿಯದ್ದು. ಅಲ್ಲಿಂದ ಬಿಟ್ಟು ಎರಡು ಕಂಪನಿ ದಾಟಿ ಆಗಿದೆ. ಪಾಸ್‌ವರ್ಡ್ ರೀಸೆಟ್ ಕೊಟ್ಟರೆ ಲಿಂಕ್ ಹೋಗುವುದು ಈಗ ಯಾರೂ ತೆರೆಯದ ಆ ಮೇಲ್‌ಬಾಕ್ಸ್‌ಗೆ. ಆಗ ಬೇಜಾರಾಗಿ ಹೊಸ ಇಮೇಲ್‌ನಿಂದ ಹೊಸ ಪ್ರೊಫೈಲ್ ತೆರೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಹಳೆಯದು ಒಂದು ಐಡಿಯಲ್ಲಿ, ಹೊಸದು ಇನ್ನೊಂದರಲ್ಲಿ ಕೂತರೆ ನಿಮ್ಮ ಹಿಂದಿನ ಪಾಸ್ ಲೆಕ್ಕಕ್ಕೆ ಬರುವುದಿಲ್ಲ. ಎರಡು ಪರೀಕ್ಷೆ ಸೇರಿ ಒಂದು ಸರ್ಟಿಫಿಕೇಟ್ ಆಗುವ ಕಡೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಉಳಿಯುತ್ತದೆ.

ಹಳೇ ಐಡಿ ಹುಡುಕಿ. ಪರೀಕ್ಷೆ ಮುಗಿದ ದಿನ ಸೆಂಟರ್‌ನಲ್ಲಿ ಒಂದು ಸ್ಕೋರ್ ರಿಪೋರ್ಟ್ ಪ್ರಿಂಟ್ ಕೊಟ್ಟಿರುತ್ತಾರೆ, ಅದರಲ್ಲಿ ಕ್ಯಾಂಡಿಡೇಟ್ ಐಡಿ ಇರುತ್ತದೆ. ಸಿಸ್ಕೋದವರ ಐಡಿ ಸಿಎಸ್‌ಸಿಒ ಅಕ್ಷರಗಳಿಂದ ಶುರುವಾಗುತ್ತದೆ. ಆ ಕಾಗದ ಪುಣೆಯ ಬಾಡಿಗೆ ಮನೆಯಲ್ಲಿ ಸಿಗುವುದು ಅನುಮಾನ. ಸಾಮಾನ್ಯವಾಗಿ ಊರಲ್ಲಿ, ಮಾರ್ಕ್ಸ್ ಕಾರ್ಡ್ ಇಟ್ಟ ಫೈಲಿನಲ್ಲೇ ಇರುತ್ತದೆ. ತಮ್ಮನಿಗೋ ತಂಗಿಗೋ ಫೋನ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ತರಿಸಿಕೊಳ್ಳಿ. ಐಡಿ ಸಿಕ್ಕ ಮೇಲೆ ಆ ಕಂಪನಿಯ ಸರ್ಟಿಫಿಕೇಶನ್ ಸಪೋರ್ಟ್‌ಗೆ ಟಿಕೆಟ್ ಹಾಕಿ, ಇಮೇಲ್ ಬದಲಿಸಲು ಕೇಳಿ. ಆಗಲೇ ಎರಡು ಪ್ರೊಫೈಲ್ ಮಾಡಿಕೊಂಡಿದ್ದರೆ ಒಂದು ಮಾಡಲು ಕೇಳಿ. ಕೆಲಸ ಆಗುತ್ತದೆ, ಆದರೆ ಸಮಯ ಹಿಡಿಯುತ್ತದೆ. ಆದ್ದರಿಂದ ಪರೀಕ್ಷೆ ಬುಕ್ ಮಾಡುವ ಮೊದಲೇ ಇದು ಮುಗಿದಿರಲಿ.

ಇನ್ನು ಮುಂದೆ ಪರ್ಸನಲ್ ಇಮೇಲ್ ಮಾತ್ರ. ಮೈಕ್ರೋಸಾಫ್ಟ್ ಲರ್ನ್ ಪ್ರೊಫೈಲ್‌ಗೆ ಆಫೀಸ್ ಅಕೌಂಟ್, ಪರ್ಸನಲ್ ಅಕೌಂಟ್ ಎರಡನ್ನೂ ಜೋಡಿಸಬಹುದು. ಜೋಡಿಸಿ ಇಟ್ಟರೆ ಕೆಲಸ ಬದಲಾದಾಗ ಈ ಗೋಳು ಇರುವುದಿಲ್ಲ.

ಎರಡನೇ ಹೆಜ್ಜೆ: ಜೀವ ಇದೆಯಾ ನೋಡಿ

ಮೈಕ್ರೋಸಾಫ್ಟ್ ವಿಷಯದಲ್ಲಿ ಗೊಂದಲ ಜಾಸ್ತಿ. ಎಂಸಿಎಸ್‌ಎ, ಎಂಸಿಎಸ್‌ಡಿ, ಎಂಸಿಎಸ್‌ಇ ಮೂರೂ 2021ರ ಜನವರಿ 31ಕ್ಕೆ ನಿಂತವು. ಮೊದಲು 2020ರ ಜೂನ್ 30 ಅಂದಿದ್ದರು, ಕೋವಿಡ್ ಬಂದಿದ್ದರಿಂದ ಮುಂದೂಡಿದರು. ನಿಂತ ಮೇಲೂ ನೀವು ಗಳಿಸಿದ್ದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹಾಗೇ ಕಾಣುತ್ತದೆ. ಆದರೆ ಅಲ್ಲಿಂದ ಹೊಸದಕ್ಕೆ ನೇರ ಸೇತುವೆ ಇಲ್ಲ. ವಿಂಡೋಸ್ ಸರ್ವರ್ ಕೆಲಸದಲ್ಲೇ ಇದ್ದವರಿಗೆ ಎಝೆಡ್-800, ಎಝೆಡ್-801 ಎಂಬ ಎರಡು ಪರೀಕ್ಷೆಯ ಹೈಬ್ರಿಡ್ ಅಡ್ಮಿನಿಸ್ಟ್ರೇಟರ್ ಬಂತು. ಕ್ಲೌಡ್ ಕಡೆ ಹೋದವರಿಗೆ ಎಝೆಡ್-104. ಎರಡೂ ಪೂರ್ತಿ ಹೊಸ ಪರೀಕ್ಷೆಗಳೇ.

ಅಝೂರ್ (ಮೈಕ್ರೋಸಾಫ್ಟ್‌ನ ಕ್ಲೌಡ್) ಅಸೋಸಿಯೇಟ್ ಈಗಾಗಲೇ ಇದ್ದು, ಇನ್ನೂ ಚಾಲ್ತಿಯಲ್ಲಿದ್ದರೆ ನೀವು ಅದೃಷ್ಟವಂತರು. ಖರ್ಚೇ ಇಲ್ಲ ಅಂದೆನಲ್ಲ, ಅದು ಇದೇ. ಅದರ ಅವಧಿ ಒಂದು ವರ್ಷ. ಮುಗಿಯುವ ಆರು ತಿಂಗಳ ಮೊದಲಿನಿಂದ ರಿನ್ಯೂವಲ್ ಬರೆಯಬಹುದು. ಪುಕ್ಕಟೆ, ಮನೆಯಲ್ಲೇ, ಪುಸ್ತಕ ತೆರೆದಿಟ್ಟುಕೊಂಡು, ಯಾರ ಕಾವಲೂ ಇಲ್ಲದೆ. ಫೇಲ್ ಆದರೆ ಮತ್ತೆ ಬರೆಯಬಹುದು. ಬೇಗ ಬರೆದರೆ ದಿನ ನಷ್ಟವಾಗುತ್ತದೆ ಅಂತ ಕೆಲವರು ಕೊನೇ ವಾರದವರೆಗೆ ಕಾಯುತ್ತಾರೆ. ನಷ್ಟ ಇಲ್ಲ. ಹೊಸ ವರ್ಷ ಹಳೇ ಎಕ್ಸ್‌ಪೈರಿ ತಾರೀಕಿನಿಂದಲೇ ಲೆಕ್ಕ. ಆದರೆ ಆ ತಾರೀಕು ಒಂದು ದಿನ ದಾಟಿದರೂ ಪುಕ್ಕಟೆ ದಾರಿ ಮುಚ್ಚುತ್ತದೆ, ದುಡ್ಡು ಕಟ್ಟಿ ಪೂರ್ತಿ ಪರೀಕ್ಷೆ ಬರೆಯಬೇಕು. ಫಂಡಮೆಂಟಲ್ಸ್ ಮಟ್ಟದವಕ್ಕೆ ಎಕ್ಸ್‌ಪೈರಿ ಇಲ್ಲ, ಅವನ್ನು ಸುಮ್ನೆ ಬಿಡಿ.

ಸಿಸ್ಕೋ 2020ರ ಫೆಬ್ರವರಿ 24ರಂದು ಇಡೀ ಮನೆಯನ್ನೇ ಬದಲಿಸಿತು. ಹಲವು ಸಿಸಿಎನ್‌ಎಗಳ ಜಾಗಕ್ಕೆ 200-301 ಎಂಬ ಒಂದೇ ಪರೀಕ್ಷೆ ಬಂತು. ಅವಧಿ ಮೂರು ವರ್ಷ. ಚಾಲ್ತಿಯಲ್ಲಿದ್ದಾಗ ಅದನ್ನೇ ಮತ್ತೆ ಬರೆಯಬೇಕಾಗಿಲ್ಲ. 30 ಕಂಟಿನ್ಯೂಯಿಂಗ್ ಎಜುಕೇಶನ್ ಕ್ರೆಡಿಟ್ ಗಳಿಸಿದರೂ ನವೀಕರಣ ಆಗುತ್ತದೆ. ಅದರ ಮೇಲಿನ ಮಟ್ಟವಾದ ಸಿಸಿಎನ್‌ಪಿಯ ಒಂದು ಕೋರ್ ಪರೀಕ್ಷೆ, ಉದಾಹರಣೆಗೆ 350-401, ಪಾಸಾದರೂ ಆಗುತ್ತದೆ. ಅವಧಿ ಮುಗಿದಿದ್ದರೆ ಮೊದಲಿನಿಂದ ಶುರು.

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ಗೂ ಮೂರು ವರ್ಷ. ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ನ ಸಿ02 ವರ್ಷನ್ ಹೋಗಿ ಸಿ03 ಬಂದದ್ದು 2022ರ ಆಗಸ್ಟ್‌ನಲ್ಲಿ. ನವೀಕರಣ ಅಂದ್ರೆ ಆಗ ಚಾಲ್ತಿಯಲ್ಲಿರುವ ಪರೀಕ್ಷೆ ಬರೆಯುವುದು, ಇಲ್ಲವೇ ಪ್ರೊಫೆಷನಲ್ ಮಟ್ಟದ್ದು ಬರೆಯುವುದು. ಮೇಲಿನದು ಪಾಸಾದರೆ ಕೆಳಗಿನದೂ ತಾನಾಗಿ ನವೀಕರಣ ಆಗುತ್ತದೆ.

ಕಾಂಪ್‌ಟಿಯಾ ಎಂಬ ಸಂಸ್ಥೆಯ ಸರ್ಟಿಫಿಕೇಶನ್‌ಗಳಲ್ಲಿ ಒಂದು ಮಜಾ ಇದೆ. 2011ಕ್ಕಿಂತ ಮೊದಲು ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್ ಮಾಡಿದವರದು ಜೀವನಪೂರ್ತಿ. ಆಮೇಲೆ ಮಾಡಿದವರದು ಮೂರೇ ವರ್ಷ. ಐಟಿ ಸರ್ವಿಸ್ ನಿರ್ವಹಣೆಯ ಐಟಿಐಎಲ್ ವಿ3 ಫೌಂಡೇಶನ್ ಇದ್ದವರಿಗೆ 2019ರಲ್ಲಿ ಬಂದ 4ರ ಫೌಂಡೇಶನ್‌ಗೆ ಅಡ್ಡದಾರಿ ಸಿಗಲಿಲ್ಲ, ಮತ್ತೆ ಬರೆಯಬೇಕಾಯಿತು. ಕುಬರ್ನೆಟೀಸ್ ಅಡ್ಮಿನಿಸ್ಟ್ರೇಟರ್‌ಗಳ ಸಿಕೆಎ ಮೊದಲು ಮೂರು ವರ್ಷ ಇತ್ತು, 2024ರ ಏಪ್ರಿಲ್‌ನಿಂದ ಎರಡೇ.

ಜಾವಾದ್ದು ನಾಲ್ಕನೇ ಬಗೆ. ಜಾವಾ ಮಾಡಿದ ಸನ್ ಕಂಪನಿ ಕಾಲದ ಎಸ್‌ಸಿಜೆಪಿ ಸರ್ಟಿಫಿಕೇಶನ್‌ಗೆ ಎಕ್ಸ್‌ಪೈರಿ ಇಲ್ಲ. ಆದರೆ ರೆಸ್ಯೂಮೆಯಲ್ಲಿ ಜಾವಾ 5 ಅಂತ ನೋಡಿದ ಇಂಟರ್‌ವ್ಯೂ ಮಾಡುವವರು ನಿಮ್ಮ ವಯಸ್ಸು ಲೆಕ್ಕ ಹಾಕುತ್ತಾರೆ, ಅಷ್ಟೇ! ಸನ್ ಅನ್ನು ಕೊಂಡ ಒರಾಕಲ್ ಹಿಂದೆ ಪ್ರತ್ಯೇಕ ಅಪ್‌ಗ್ರೇಡ್ ಪರೀಕ್ಷೆ ಇಡುತ್ತಿತ್ತು. ಜಾವಾ 8ರವರೆಗಿನವರು 11ಕ್ಕೆ ಏರಲು 1ಝೆಡ್0-817 ಇತ್ತು. 17ಕ್ಕೆ, 21ಕ್ಕೆ ಅಂಥ ಏಣಿ ಇಲ್ಲ. ಹೊಸಬರು ಬರೆಯುವ 1ಝೆಡ್0-829 ಇಲ್ಲವೇ 830ನ್ನೇ ಹಳಬರೂ ಬರೆಯಬೇಕು.

ಇದೆಲ್ಲ ಓದಿದ ಮೇಲೂ ಆಯಾ ಕಂಪನಿಯ ಸರ್ಟಿಫಿಕೇಶನ್ ಪುಟ ತೆರೆದು ರಿಟೈರ್‌ಮೆಂಟ್ ತಾರೀಕು ಒಮ್ಮೆ ನೋಡಿಬಿಡಿ. ಇನ್ನೆರಡು ತಿಂಗಳಲ್ಲಿ ನಿಲ್ಲುವ ವರ್ಷನ್‌ಗೆ ಓದಲು ಕೂರುವುದಕ್ಕಿಂತ ಹೊಸದಕ್ಕೇ ಕೂರುವುದು ಒಳ್ಳೆಯದು.

ಮೂರನೇ ಹೆಜ್ಜೆ: ಅದೇ ಸಾಲಿನಲ್ಲಿ ಹೋಗಬೇಕಾ?

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಹಳೇ ಹೆಸರಿನ ಮೇಲಿನ ಪ್ರೀತಿಗೆ ದುಡ್ಡು ಹಾಕಬೇಡಿ. ಹತ್ತು ವರ್ಷದ ಹಿಂದೆ ನೆಟ್‌ವರ್ಕಿಂಗ್‌ನಲ್ಲಿದ್ದು, ಈಗ ಖರಾಡಿಯಲ್ಲಿ ಕ್ಲೌಡ್ ಆಪರೇಷನ್ಸ್ ನೋಡುತ್ತಿರುವವರು ಸಿಸಿಎನ್‌ಎ ಮತ್ತೆ ಬರೆದು ಏನು ಮಾಡುತ್ತಾರೆ? ಆ ಜ್ಞಾನ ಎಲ್ಲೂ ಹೋಗಿಲ್ಲ. ಕ್ಲೌಡ್‌ನ ನೆಟ್‌ವರ್ಕ್ ಭಾಗಗಳಾದ ವಿಪಿಸಿ, ಸಬ್‌ನೆಟ್, ರೂಟ್ ಟೇಬಲ್ ಓದುವಾಗ ಅದೇ ಕೈಹಿಡಿಯುತ್ತದೆ.

ಮ್ಯಾನೇಜರ್ ಹತ್ತಿರ ಒಂದು ಪ್ರಶ್ನೆ ನೇರವಾಗಿ ಕೇಳಿ: ನಮ್ಮ ಪ್ರಾಜೆಕ್ಟ್‌ಗೆ, ಟೆಂಡರ್‌ಗೆ, ಪಾರ್ಟ್‌ನರ್ ಲೆಕ್ಕಕ್ಕೆ ಯಾವ ಸರ್ಟಿಫಿಕೇಶನ್ ಬೇಕು? ಸರ್ವಿಸ್ ಕಂಪನಿಗಳಲ್ಲಿ ಗಿರಾಕಿಗೆ ಕಳಿಸುವ ಪ್ರಸ್ತಾವದಲ್ಲಿ ಸರ್ಟಿಫೈಡ್ ಜನರ ಸಂಖ್ಯೆ ತೋರಿಸಬೇಕಾಗುತ್ತದೆ. ನಿಮ್ಮದು ಆ ಪಟ್ಟಿಯಲ್ಲಿ ಬಂದರೆ ಫೀಸು ಅವರೇ ಕೊಡುವ ಸಾಧ್ಯತೆ ಜಾಸ್ತಿ. ಬೆಂಚ್ ಮೇಲಿದ್ದಾಗ, ಅಂದ್ರೆ ಕೈಯಲ್ಲಿ ಪ್ರಾಜೆಕ್ಟ್ ಇಲ್ಲದಾಗ, ಈ ಮಾತು ಇನ್ನೂ ಮುಖ್ಯ. ಪ್ರಾಜೆಕ್ಟ್‌ಗಳಿಗೆ ಜನ ಹಂಚುವ ಆರ್‌ಎಂಜಿಯವರು ಹುಡುಕುವುದು ಚಾಲ್ತಿಯಲ್ಲಿರುವ ಹೆಸರನ್ನೇ.

ಅದೇ ಸಾಲಿನಲ್ಲಿ ಮುಂದುವರಿಯುವವರು ಒಂದು ಮೆಟ್ಟಿಲು ಮೇಲಿನದಕ್ಕೆ ಕೈ ಹಾಕಬಹುದಾ ನೋಡಿ. ಸಿಸ್ಕೋ, ಎಡಬ್ಲ್ಯುಎಸ್ ಎರಡರಲ್ಲೂ ಮೇಲಿನದು ಕೆಳಗಿನದನ್ನು ಜೀವಂತ ಇಡುತ್ತದೆ ಅಂತ ಆಗಲೇ ಹೇಳಿದೆ. ಅದೇ ಪರೀಕ್ಷೆ ಎರಡನೇ ಸಲ ಬರೆಯುವ ಬೇಜಾರೂ ತಪ್ಪುತ್ತದೆ.

ನಾಲ್ಕನೇ ಹೆಜ್ಜೆ: ಬದಲಾದದ್ದನ್ನು ಮಾತ್ರ ಓದಿ

ಅನುಭವ ಇದ್ದವರಿಗೆ ಲಾಭ ಇರುವುದು ಇಲ್ಲಿ. ನಲವತ್ತು ಗಂಟೆಯ ವಿಡಿಯೋ ಕೋರ್ಸ್ ಹೊಸಬರಿಗೆ. ನೀವು ಹಳೇ ಎಕ್ಸಾಮ್ ಗೈಡ್, ಹೊಸ ಎಕ್ಸಾಮ್ ಗೈಡ್ ಎರಡನ್ನೂ ಇಳಿಸಿಕೊಂಡು ಅಕ್ಕಪಕ್ಕ ಇಟ್ಟುಕೊಳ್ಳಿ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ್ದನ್ನು ಹೊಡೆದುಹಾಕಿ. ಹೊಸದರಲ್ಲಿ ಮಾತ್ರ ಇರುವುದಕ್ಕೆ ಗುರುತು ಹಾಕಿ. ಎರಡರಲ್ಲೂ ಇರುವ ವಿಷಯಕ್ಕೆ ಒಂದು ಅಭ್ಯಾಸ ಪರೀಕ್ಷೆ ಬರೆದು, ಎಲ್ಲಿ ತಪ್ಪುತ್ತೀರೋ ಅಷ್ಟನ್ನೇ ಓದಿ.

ಎಡಬ್ಲ್ಯುಎಸ್ ಉದಾಹರಣೆ ತೆಗೆದುಕೊಳ್ಳಿ. ಸಿ02ರಲ್ಲಿ ಮೊದಲ ಸ್ಥಾನ ರೆಸಿಲಿಯಂಟ್ ಆರ್ಕಿಟೆಕ್ಚರ್‌ಗಿತ್ತು, ಶೇ. 30. ಸೆಕ್ಯುರಿಟಿಗೆ ಶೇ. 24. ಸಿ03ರಲ್ಲಿ ಸೆಕ್ಯುರಿಟಿ ಶೇ. 30ಕ್ಕೆ ಏರಿ ಮೇಲೆ ಕೂತಿತು, ರೆಸಿಲಿಯಂಟ್ ಶೇ. 26ಕ್ಕೆ ಇಳಿಯಿತು. ಕಾಸ್ಟ್ ಭಾಗ 18ರಿಂದ 20 ಆಯಿತು. ಪುಟ ತಿರುವಿದರೆ ಎರಡೂ ಒಂದೇ ಥರ ಕಾಣುತ್ತವೆ. ಈ ಅಂಕಿ ನೋಡಿದರೆ ಮಾತ್ರ ಐಎಎಂ (ಯಾರಿಗೆ ಯಾವ ಅನುಮತಿ), ಕೆಎಂಎಸ್ (ಎನ್‌ಕ್ರಿಪ್ಶನ್ ಕೀಗಳು), ಅಕೌಂಟ್‌ಗಳ ನಡುವಿನ ಅನುಮತಿ ಇವಕ್ಕೆ ಜಾಸ್ತಿ ಸಮಯ ಕೊಡಬೇಕು ಅಂತ ತಿಳಿಯುತ್ತದೆ.

ಸಿಸಿಎನ್‌ಎದಲ್ಲಿ ಬದಲಾವಣೆ ದೊಡ್ಡದು. ಹಳೇ 200-125 ಪರೀಕ್ಷೆ ಬರೆದವರು ತಲೆಕೆಡಿಸಿಕೊಂಡಿದ್ದ ಇಐಜಿಆರ್‌ಪಿ ಎಂಬ ರೂಟಿಂಗ್ ಪ್ರೋಟೋಕಾಲ್‌ನ ಕಾನ್ಫಿಗರೇಶನ್ ಹೋಯಿತು. ರೂಟಿಂಗ್‌ನಲ್ಲಿ ಸಿಂಗಲ್ ಏರಿಯಾ ಒಎಸ್‌ಪಿಎಫ್ ಮೇಲೆ ಒತ್ತು. ವೈರ್‌ಲೆಸ್ ಬಂತು. ಸೆಕ್ಯುರಿಟಿಗೆ ಶೇ. 15, ಆಟೊಮೇಶನ್‌ಗೆ ಶೇ. 10. ರೆಸ್ಟ್ ಎಪಿಐ, ಜೇಸನ್ (JSON) ಥರದ ಪ್ರೋಗ್ರಾಮಿಂಗ್ ವಿಷಯ ಕಂಡು ಹಳೇ ನೆಟ್‌ವರ್ಕ್ ಎಂಜಿನಿಯರ್‌ಗಳು ಹೆದರುತ್ತಾರೆ. ಹೆದರಬೇಕಾಗಿಲ್ಲ, ಅಲ್ಲಿ ಕೇಳುವುದು ಓದಿ ಅರ್ಥಮಾಡಿಕೊಳ್ಳುವಷ್ಟು ಮಾತ್ರ.

ರೆಡ್ ಹ್ಯಾಟ್‌ನಲ್ಲಿ ಹೆದರಬೇಕು. ಅವರ ಲಿನಕ್ಸ್ ಆದ ಆರ್‌ಎಚ್‌ಇಎಲ್ 7ರ ಕಾಲದ ಆರ್‌ಎಚ್‌ಸಿಇ ಪರೀಕ್ಷೆಯಲ್ಲಿ ಸರ್ವಿಸ್‌ಗಳನ್ನು ಕೈಯಿಂದಲೇ ಕಾನ್ಫಿಗರ್ ಮಾಡುತ್ತಿದ್ದೆವು. 8ರಿಂದ ಬಂದ ಇಎಕ್ಸ್294 ಪೂರ್ತಿ ಆನ್ಸಿಬಲ್ ಎಂಬ ಆಟೊಮೇಶನ್ ಟೂಲ್ ಮೇಲೆ. ನಾಲ್ಕು ಗಂಟೆ, ಪ್ಲೇಬುಕ್ (ಅದರ ಆಜ್ಞೆಗಳ ಫೈಲ್) ಬರೆದು ಓಡಿಸಿ ತೋರಿಸಬೇಕು. ಹೆಸರು ಅದೇ, ಪರೀಕ್ಷೆ ಬೇರೆಯೇ. ಇಲ್ಲಿ ಹಳೇ ನೋಟ್ಸ್ ಹಿಡಿದು ಕೂತರೆ ಕೆಲಸ ಆಗುವುದಿಲ್ಲ. ಅದನ್ನು ಬರೆಯುವ ಯಾಮಲ್ (YAML) ಭಾಷೆಯಲ್ಲಿ ಒಂದು ಸ್ಪೇಸ್ ತಪ್ಪಿದರೂ ಪ್ಲೇಬುಕ್ ನಿಲ್ಲುತ್ತದೆ. ವಿಮ್ ಎಡಿಟರ್‌ಗೆ ಟ್ಯಾಬ್ ಬದಲು ಎರಡು ಸ್ಪೇಸ್ ಬರುವ ಹಾಗೆ ಸೆಟ್ಟಿಂಗ್ ಮಾಡುವುದನ್ನು ನೋಡದೆ ಬರೆಯುವಷ್ಟು ರೂಢಿ ಮಾಡಿಕೊಳ್ಳಿ.

ಜಾವಾ 8 ಗೊತ್ತಿದ್ದು 17ಕ್ಕೆ ಹೋಗುವವರಿಗೆ ಪಟ್ಟಿ ಚಿಕ್ಕದು: 9ರಲ್ಲಿ ಬಂದ ಮಾಡ್ಯೂಲ್, 10ರ ವಾರ್ (var), 14ರ ಸ್ವಿಚ್ ಎಕ್ಸ್‌ಪ್ರೆಷನ್, 15ರ ಟೆಕ್ಸ್ಟ್ ಬ್ಲಾಕ್, 16ರ ರೆಕಾರ್ಡ್, 17ರ ಸೀಲ್ಡ್ ಕ್ಲಾಸ್. 21ಕ್ಕೆ ಹೋಗುವುದಾದರೆ ವರ್ಚುವಲ್ ಥ್ರೆಡ್, ಸ್ವಿಚ್‌ನಲ್ಲಿ ಪ್ಯಾಟರ್ನ್ ಮ್ಯಾಚಿಂಗ್ ಸೇರಿಸಿ. ಮಾಡ್ಯೂಲ್ ಬಿಟ್ಟರೆ ಉಳಿದದ್ದು ಆಫೀಸ್ ಕೋಡ್‌ನಲ್ಲಿ ಬಳಸುತ್ತಲೇ ಕಲಿಯುವಂಥದ್ದು. ಮಾಡ್ಯೂಲ್ ಮಾತ್ರ ಕೂತು ಓದಲೇಬೇಕು, ಯಾಕೆಂದರೆ ನಮ್ಮ ಪ್ರಾಜೆಕ್ಟ್‌ಗಳಲ್ಲಿ ಅದನ್ನು ಮುಟ್ಟುವವರು ಕಡಿಮೆ.

ಲ್ಯಾಬ್‌ಗೆ ದುಡ್ಡು ಸುರಿಯಬೇಡಿ. ಸಿಸ್ಕೋದ ನೆಟ್‌ವರ್ಕ್ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ. ರೆಡ್ ಹ್ಯಾಟ್‌ನ ವೈಯಕ್ತಿಕ ಡೆವಲಪರ್ ಸಬ್‌ಸ್ಕ್ರಿಪ್ಶನ್‌ನಲ್ಲಿ 16 ಸಿಸ್ಟಂವರೆಗೆ ಪುಕ್ಕಟೆ. ವಿಂಡೋಸ್ ಸರ್ವರ್ ಇವ್ಯಾಲ್ಯುಯೇಶನ್ 180 ದಿನ ನಡೆಯುತ್ತದೆ. ಕ್ಲೌಡ್‌ನಲ್ಲಿ ಮಾತ್ರ ಮೊದಲ ಕೆಲಸವೇ ಬಜೆಟ್ ಅಲರ್ಟ್ ಹಾಕುವುದು.

ಡಂಪ್ಸ್, ಅಂದ್ರೆ ಕದ್ದ ಅಸಲಿ ಪ್ರಶ್ನೆಗಳ ಬಗ್ಗೆ ಎರಡೇ ಮಾತು. ಟೆಲಿಗ್ರಾಂನಲ್ಲಿ ಮಾರುತ್ತಾರೆ, ಎಲ್ಲರಿಗೂ ಗೊತ್ತು. ಸಿಕ್ಕಿಬಿದ್ದರೆ ಹೊಸದರ ಜೊತೆ ಕಷ್ಟಪಟ್ಟು ಗಳಿಸಿದ ಹಳೆಯದೂ ರದ್ದಾಗಬಹುದು.

ಐದನೇ ಹೆಜ್ಜೆ: ಫೀಸು

ಎಡಬ್ಲ್ಯುಎಸ್ ಅಸೋಸಿಯೇಟ್ 150 ಡಾಲರ್, ಪ್ರೊಫೆಷನಲ್ 300, ಸಿಸಿಎನ್‌ಎ 300. ಮೇಲೆ ತೆರಿಗೆ. ಅಂದ್ರೆ ಸುಮ್ನೆ ಒಂದು ಸಲ ಬರೆದು ನೋಡೋಣ ಅನ್ನುವ ಮೊತ್ತ ಅಲ್ಲ. ಎಡಬ್ಲ್ಯುಎಸ್ ಹಿಂದೆ ಪಾಸಾದವರಿಗೆ ಮುಂದಿನ ಪರೀಕ್ಷೆಗೆ ಅರ್ಧ ಬೆಲೆಯ ಕೂಪನ್ ಕೊಡುತ್ತದೆ. ಸರ್ಟಿಫಿಕೇಶನ್ ಅಕೌಂಟ್‌ನ ಬೆನಿಫಿಟ್ಸ್ ಭಾಗದಲ್ಲಿ ಕೂತಿರುತ್ತದೆ, ತುಂಬಾ ಜನ ತೆರೆದೇ ನೋಡಿರುವುದಿಲ್ಲ.

ಆಫೀಸಿನಲ್ಲಿ ಮೂರು ವಿಷಯ ಮೊದಲೇ ಕೇಳಿ. ವೋಚರ್ ಇದೆಯಾ? ರಿಇಂಬರ್ಸ್‌ಮೆಂಟ್ ಪಾಸಾದರೆ ಮಾತ್ರವಾ? ಕೊಟ್ಟ ಮೇಲೆ ಇಂತಿಷ್ಟು ತಿಂಗಳು ಕೆಲಸ ಬಿಡುವ ಹಾಗಿಲ್ಲ ಅಂತ ಷರತ್ತು ಇದೆಯಾ? ಮೂರನೆಯದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಆರನೇ ಹೆಜ್ಜೆ: ಬುಕಿಂಗ್, ಮತ್ತು ನಮ್ಮ ಹೆಸರುಗಳ ಕಥೆ

ಪರೀಕ್ಷೆಗೆ ಹೋದಾಗ ಪ್ರೊಫೈಲ್‌ನ ಹೆಸರು, ಗುರುತಿನ ಚೀಟಿಯ ಹೆಸರು ಹೊಂದಬೇಕು. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಫೀಸೂ ಹೋಗುತ್ತದೆ. ನಮ್ಮವರಿಗೆ ಇದು ದೊಡ್ಡ ತಲೆನೋವು. ಊರಿನ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೂ ಬಿಡಿಸಿ ಬರೆದಿದೆ. ಪುಣೆಗೆ ಬಂದ ಮೇಲೆ ಮಾಡಿಸಿದ ಕಾಗದದಲ್ಲಿ ಇಲ್ಲಿನ ರೂಢಿಯಂತೆ ಅಡ್ಡಹೆಸರು ಮೊದಲು, ನಿಮ್ಮ ಹೆಸರು ಮಧ್ಯೆ, ಅಪ್ಪನ ಹೆಸರು ಕೊನೆಗೆ. ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳ ಹಳೇ ಪ್ರೊಫೈಲ್‌ನಲ್ಲಿ ತವರಿನ ಹೆಸರು. ಪಾಸ್‌ಪೋರ್ಟ್ ಇದ್ದರೆ ಅದನ್ನೇ ಆಧಾರ ಮಾಡಿಕೊಂಡು, ಅದರಲ್ಲಿ ಇರುವ ಹಾಗೆ ಪ್ರೊಫೈಲ್ ತಿದ್ದಿಸಿ. ಮೊದಲ ಹೆಜ್ಜೆಯಲ್ಲಿ ಸಪೋರ್ಟ್‌ಗೆ ಬರೆಯುವಾಗಲೇ ಇದನ್ನೂ ಸೇರಿಸಿಬಿಟ್ಟರೆ ಒಂದೇ ಟಿಕೆಟ್‌ನಲ್ಲಿ ಮುಗಿಯುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತೇ ಇಲ್ಲ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಎಡಬ್ಲ್ಯುಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ಅಕೌಂಟ್‌ನಲ್ಲಿ ಎಕ್ಸಾಮ್ ಅಕಮಡೇಶನ್ ಅಂತ ಇರುವ ಕಡೆ ಕೇಳಿಕೊಳ್ಳಬೇಕು, ಅದೂ ಸ್ಲಾಟ್ ಬುಕ್ ಮಾಡುವ ಮೊದಲು. ಮೈಕ್ರೋಸಾಫ್ಟ್‌ನಲ್ಲೂ ನಿಮ್ಮ ಭಾಷೆಯಲ್ಲಿ ಪರೀಕ್ಷೆ ಇಲ್ಲದಿದ್ದರೆ ಇಷ್ಟೇ ಸಮಯ ಹೆಚ್ಚು ಕೇಳಬಹುದು. ಕನ್ನಡದಲ್ಲಿ ಪರೀಕ್ಷೆ ಇಲ್ಲ, ಆದ್ದರಿಂದ ಕೇಳಿ. ನಾಚಿಕೆ ಏನೂ ಬೇಡ. ಅರ್ಧ ಪುಟದ ಪ್ರಶ್ನೆಗಳನ್ನು ಎರಡು ಸಲ ಓದಲು ಆ ಅರ್ಧ ಗಂಟೆ ಸಾಕು. ಜೊತೆಗೆ ಮೈಕ್ರೋಸಾಫ್ಟ್‌ನ ಅಸೋಸಿಯೇಟ್, ಎಕ್ಸ್‌ಪರ್ಟ್ ಪರೀಕ್ಷೆಗಳಲ್ಲಿ 2023ರಿಂದ ಪರೀಕ್ಷೆಯ ನಡುವೆಯೇ ಲರ್ನ್ ಸೈಟ್ ತೆರೆದು ನೋಡಬಹುದು. ಅದಕ್ಕೆ ಬೇರೆ ಸಮಯ ಕೊಡುವುದಿಲ್ಲ, ಹಾಗಾಗಿ ಒಂದೆರಡು ಅನುಮಾನಕ್ಕಷ್ಟೇ ಬಳಸಿ.

ಏಳನೇ ಹೆಜ್ಜೆ: ಮನೆಯಾ, ಸೆಂಟರಾ?

ಮನೆಯಲ್ಲಿ ಬರೆಯುವುದಾದರೆ ಅರ್ಧ ಗಂಟೆ ಮೊದಲು ಚೆಕ್‌ಇನ್ ಶುರು. ಮುಖದ ಫೋಟೋ, ಗುರುತಿನ ಚೀಟಿ, ಕೋಣೆಯ ನಾಲ್ಕೂ ಕಡೆಯ ಫೋಟೋ ಕೇಳುತ್ತಾರೆ. ಟೇಬಲ್ ಮೇಲೆ ಕಾಗದ, ಪೆನ್ನು, ವಾಚ್, ಎರಡನೇ ಮಾನಿಟರ್ ಏನೂ ಇರಬಾರದು. ಫೋನ್ ಕೈಗೆ ಸಿಗದಷ್ಟು ದೂರ. ನಡುವೆ ಯಾರಾದರೂ ಒಳಗೆ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಬಹುದು. ಪ್ರಶ್ನೆಯನ್ನು ತುಟಿಯಲ್ಲಿ ಗುನುಗುತ್ತಾ ಓದುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದಕ್ಕೂ ಎಚ್ಚರಿಕೆ ಬರುತ್ತದೆ. ಆಫೀಸ್ ಲ್ಯಾಪ್‌ಟಾಪ್ ಬೇಡವೇ ಬೇಡ, ವಿಪಿಎನ್, ಫೈರ್‌ವಾಲ್ ಸೇರಿ ಸಾಫ್ಟ್‌ವೇರ್ ತೆರೆಯಲು ಬಿಡುವುದಿಲ್ಲ. ಸಿಸ್ಟಂ ಟೆಸ್ಟ್ ಅನ್ನು ಅದೇ ಲ್ಯಾಪ್‌ಟಾಪ್, ಅದೇ ವೈಫೈ, ಅದೇ ಹೊತ್ತಿನಲ್ಲಿ ಮಾಡಿ ನೋಡಿ.

ಪುಣೆಯಲ್ಲಿ ಗುರುವಾರ ಬುಕ್ ಮಾಡಬೇಡಿ. ವಿದ್ಯುತ್ ಕಂಪನಿ ಮಹಾವಿತರಣದವರು ಮೇಂಟೆನೆನ್ಸ್ ಅಂತ ಕರೆಂಟ್ ತೆಗೆಯುವುದು ಹೆಚ್ಚಾಗಿ ಅವತ್ತೇ. ಗಣೇಶ ಹಬ್ಬದ ಹಿಂದಿನ ವಾರಗಳಲ್ಲಿ ಸಂಜೆ ಸ್ಲಾಟ್ ಕೂಡ ಬೇಡ, ಢೋಲ್ ತಾಶಾ ತಂಡಗಳ ಪ್ರಾಕ್ಟೀಸ್ ನಡೆದಿರುತ್ತದೆ. ಹಬ್ಬದ ಹತ್ತು ದಿನ ಅಂತೂ ಓದುವ ಮಾತೇ ಇಲ್ಲ ಬಿಡಿ.

ಒಂದೇ ಕೋಣೆಯ ಮನೆ, ಚಿಕ್ಕ ಮಕ್ಕಳು ಅಂದ್ರೆ ಸೆಂಟರ್‌ಗೇ ಹೋಗಿ. ವಾಕಡ್ ಕಡೆಯಿಂದ ಊರೊಳಗೆ ಹೋಗುವವರಿಗೆ ಶನಿವಾರ ಬೆಳಗ್ಗೆ ಅನುಕೂಲ. ಮುಂಬೈಯಲ್ಲಿ ಡೊಂಬಿವಲಿ, ಕಲ್ಯಾಣ ಕಡೆಯವರು ಭಾನುವಾರದ ಮೆಗಾ ಬ್ಲಾಕ್ (ಹಳಿ ಕೆಲಸಕ್ಕೆ ಲೋಕಲ್ ರೈಲು ನಿಲ್ಲಿಸುವ ಹೊತ್ತು) ನೋಡಿಕೊಂಡು ಬುಕ್ ಮಾಡಿ. ಲೋಕಲ್ ತಡವಾಯಿತು ಅಂದ್ರೆ ಸೆಂಟರ್‌ನವರು ಕೇಳುವುದಿಲ್ಲ.

ಪಾಸಾದ ಮೇಲೆ

ಸರ್ಟಿಫಿಕೇಟ್ ಪಿಡಿಎಫ್, ಸ್ಕೋರ್ ರಿಪೋರ್ಟ್, ಫೀಸಿನ ಇನ್‌ವಾಯ್ಸ್ ಮೂರನ್ನೂ ನಿಮ್ಮ ಸ್ವಂತ ಡ್ರೈವ್‌ನಲ್ಲಿ ಇಡಿ, ಆಫೀಸಿನದರಲ್ಲಿ ಅಲ್ಲ. ರೆಸ್ಯೂಮೆಯಿಂದ ಹಳೆಯದನ್ನು ಅಳಿಸಬೇಕಾಗಿಲ್ಲ. ವರ್ಷ ಹಾಕಿ, ರಿಟೈರ್ ಆಗಿದೆ ಅಂತ ಬರೆದು, ಹೊಸದರ ಕೆಳಗೆ ಇಡಿ. ಆ ಕ್ಷೇತ್ರದಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅನ್ನುವುದು ಅದರಿಂದಲೇ ಕಾಣುತ್ತದೆ.

ಮುಂದಿನ ಎಕ್ಸ್‌ಪೈರಿಗೆ ಫೋನ್ ಕ್ಯಾಲೆಂಡರ್‌ನಲ್ಲಿ ಎರಡು ರಿಮೈಂಡರ್ ಹಾಕಿ, ಆರು ತಿಂಗಳ ಮೊದಲು ಒಂದು, ಎರಡು ತಿಂಗಳ ಮೊದಲು ಒಂದು. ರಿಇಂಬರ್ಸ್‌ಮೆಂಟ್ ಅರ್ಜಿಯನ್ನು ರಿಸಲ್ಟ್ ಬಂದ ವಾರವೇ ಹಾಕಿಬಿಡಿ. ಮಾರ್ಚ್ 31 ದಾಟಿದ ಬಿಲ್ಲಿಗೆ ಫೈನಾನ್ಸ್‌ನವರು ಹೋದ ವರ್ಷದ ಬಜೆಟ್ ಮುಗಿಯಿತು ಅಂತ ಕೈ ಆಡಿಸುತ್ತಾರೆ.